ನೋವು ಹೋದ ಮೇಲಿನ ಐದು ವಾರ

ನನ್ನ ಬಲತೊಡೆಯ ಹಿಂಬದಿಯಲ್ಲಿ, ಕುಳಿತುಕೊಳ್ಳುವ ಮೂಳೆಯಿಂದ ಒಂದು ಗೇಣು ಕೆಳಗೆ, ಒತ್ತಿದರೆ ಕೈಗೆ ಸಿಗುವ ಒಂದು ಗಂಟಿದೆ. ಹುಣಸೆಬೀಜದಷ್ಟು ದೊಡ್ಡದು. ಅದೇ ಜಾಗದಲ್ಲಿ ಸ್ನಾಯು ಮೂರು ಸಲ ಹರಿದಿದೆ. ಮೊದಲ ಸಲ ಹರಿದಾಗ ನನಗೆ 17 ವರ್ಷ. 200 ಮೀಟರ್ ಓಟವನ್ನು 25.3 ಸೆಕೆಂಡಿನಲ್ಲಿ ಮುಗಿಸುತ್ತಿದ್ದೆ. ಅದು ಕೈಯಿಂದ ಸ್ಟಾಪ್‌ವಾಚ್ ಒತ್ತಿ ತೆಗೆದ ಲೆಕ್ಕ; ವಿದ್ಯುನ್ಮಾನ ಗಡಿಯಾರವಿದ್ದಿದ್ದರೆ ಹೆಚ್ಚುಕಡಿಮೆ ಕಾಲು ಸೆಕೆಂಡ್ ಸೇರಿಸಿಕೊಳ್ಳಬೇಕಿತ್ತು. ಆ ವಯಸ್ಸಿನಲ್ಲಿ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಎರಡನೆಯ ಸಲ ಹರಿದದ್ದು 19 ದಿನಗಳ ನಂತರ. ನನ್ನ ಓಟವನ್ನು ಕೆಡಿಸಿದ್ದು ಮೊದಲನೆಯದಲ್ಲ, ಈ ಎರಡನೆಯದು. ಹನ್ನೆರಡನೆಯ ದಿನಕ್ಕೇ ನೋವು ಹೋಗಿತ್ತು. ನಡೆಯುತ್ತಿದ್ದೆ, ಬಾವಿಯಿಂದ ನೀರು ಸೇದುತ್ತಿದ್ದೆ, ಮೈದಾನಕ್ಕೆ ಎರಡು ಸುತ್ತು ಜಾಗಿಂಗ್ ಕೂಡ ಮಾಡುತ್ತಿದ್ದೆ. ನೋವಿಲ್ಲದ ಕಾಲು ವಾಸಿಯಾದ ಕಾಲು ಎಂದು ನಾನೂ ನಂಬಿದೆ, ನನ್ನನ್ನು ಓಡಿಸಿದವರೂ ನಂಬಿದರು. ವಿಭಾಗ ಮಟ್ಟದ ಓಟದಲ್ಲಿ ತಿರುವು ಮುಗಿದು ನೇರಕ್ಕೆ ಬರುವಾಗ ಯಾರೋ ಹಿಂದಿನಿಂದ ಕಲ್ಲು ಹೊಡೆದಂತಾಯಿತು. ತಿರುಗಿ ನೋಡಿದೆ. ಹೊಡೆದವರು ಯಾರೂ ಇರಲಿಲ್ಲ.

ಈಗ ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಹೋಬಳಿ ಮಟ್ಟದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಮಕ್ಕಳು ಹೋಗುವ ತಿಂಗಳುಗಳಲ್ಲಿ ತೊಡೆ ಹಿಡಿದುಕೊಂಡು ಕುಂಟುತ್ತಾ ಬರುವವರು ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ವೈದ್ಯರ ಬಳಿ ಯಾವಾಗ ಹೋಗಲೇಬೇಕು ಎಂಬುದನ್ನೂ ಹೇಳುತ್ತೇನೆ.

ಏನು ಹರಿಯುತ್ತದೆ, ಯಾವಾಗ ಹರಿಯುತ್ತದೆ

ತೊಡೆಯ ಹಿಂದೆ ಮೂರು ಸ್ನಾಯುಗಳಿವೆ. ಮೂರನ್ನೂ ಸೇರಿಸಿ ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ವೇಗದ ಓಟದಲ್ಲಿ ಹೆಚ್ಚಾಗಿ ಹರಿಯುವುದು ಹೊರಬದಿಯ ಬೈಸೆಪ್ಸ್ ಫೆಮೊರಿಸ್. ಕಾಲು ನೆಲವನ್ನು ಒದೆಯುವಾಗ ಅದು ಹರಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಪಾದ ಗಾಳಿಯಲ್ಲಿ ಮುಂದಕ್ಕೆ ಬೀಸಿ, ಇನ್ನೇನು ನೆಲ ಮುಟ್ಟಬೇಕು ಎನ್ನುವ ಆ ಕೊನೆಯ ಕ್ಷಣದಲ್ಲಿ ಹರಿಯುತ್ತದೆ.

ಬಾವಿಗೆ ಕೊಡ ಇಳಿಬಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಹಗ್ಗ ಸರಸರನೆ ಜಾರಿ ಹೋಗುತ್ತಿರುವಾಗ ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರೆ ಅಂಗೈ ಸುಲಿಯುತ್ತದೆ. ತುಂಬಿದ ಕೊಡವನ್ನು ಮೇಲೆಳೆಯುವಾಗ ಸುಲಿಯುವುದಿಲ್ಲ. ಹ್ಯಾಮ್‌ಸ್ಟ್ರಿಂಗ್ ಮಾಡುವುದು ಆ ಮೊದಲ ಕೆಲಸವನ್ನು: ಉದ್ದವಾಗುತ್ತಲೇ, ಮುಂದಕ್ಕೆ ಬೀಸುವ ಮೊಣಕಾಲಿಗೆ ಬ್ರೇಕ್ ಹಾಕುವುದು. ಓಟದ ವೇಗ ಸ್ವಲ್ಪ ಏರಿದರೂ ಈ ಬ್ರೇಕಿನ ಮೇಲಿನ ಭಾರ ಅದಕ್ಕಿಂತ ಬಹಳ ಹೆಚ್ಚಾಗಿ ಏರುತ್ತದೆ. ಆದ್ದರಿಂದಲೇ ನಡೆಯುವಾಗ, ಜಾಗಿಂಗ್ ಮಾಡುವಾಗ ನೋವಿಲ್ಲ ಎನ್ನುವುದಕ್ಕೆ ಸ್ಪ್ರಿಂಟ್ ಓಡುವವರ ಪಾಲಿಗೆ ಬೆಲೆಯಿಲ್ಲ. ಆ ವೇಗಗಳಲ್ಲಿ ಯಾರೂ ಹಗ್ಗವನ್ನು ಅಷ್ಟು ಜೋರಾಗಿ ಹಿಡಿಯುವುದೇ ಇಲ್ಲ.

ಮತ್ತೆ ಹರಿಯುವ ಅಪಾಯ ಯಾರಿಗೆ ಹೆಚ್ಚು ಎಂದು ಕೇಳಿದರೆ, ಮೊದಲ ಉತ್ತರ ಒಂದೇ: ಈಗಾಗಲೇ ಒಮ್ಮೆ ಹರಿದವರಿಗೆ. ಕೂಡಿಕೊಂಡ ಜಾಗದಲ್ಲಿ ಗಾಯದ ಗುರುತು ಉಳಿಯುತ್ತದೆ, ಚಾಚಿದ ಸ್ಥಿತಿಯಲ್ಲಿ ಸ್ನಾಯುವಿನ ಬಲ ಕುಗ್ಗಿರುತ್ತದೆ, ಮತ್ತು ಮರಳಿ ಓಡಲು ಆರಂಭಿಸಿದ ಮೊದಲ ಕೆಲವು ವಾರಗಳೇ ಅತ್ಯಂತ ಅಪಾಯದವು.

ಬ್ರಿಟನ್ನಿನ ಡೆರೆಕ್ ರೆಡ್ಮಂಡ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 400 ಮೀಟರ್ ಸೆಮಿಫೈನಲ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹರಿದು ಕುಸಿದದ್ದು, ತಂದೆ ಓಡಿ ಬಂದು ಅವನನ್ನು ಆನಿಸಿಕೊಂಡು ಕೊನೆಯ ಗೆರೆಯವರೆಗೆ ನಡೆಸಿದ್ದು ಎಲ್ಲರೂ ನೋಡಿರುವ ದೃಶ್ಯ. ಶಾಲೆಗಳಲ್ಲಿ ಸ್ಫೂರ್ತಿಗಾಗಿ ತೋರಿಸುತ್ತಾರೆ. ನಾನು ಅದನ್ನು ಬೇರೆ ಕಾರಣಕ್ಕೆ ತೋರಿಸುತ್ತೇನೆ. ಅದೇ ಮನುಷ್ಯ 1987ರಲ್ಲಿ 44.50 ಸೆಕೆಂಡ್ ಓಡಿ ಬ್ರಿಟಿಷ್ ದಾಖಲೆ ಮಾಡಿದ್ದ. ಮರುವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನ) ನೋವಿನಿಂದ ಓಟಕ್ಕೆ ಕೆಲವೇ ನಿಮಿಷಗಳಿದ್ದಾಗ ಹಿಂದೆ ಸರಿದಿದ್ದ. 1991ರಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನಿದ್ದ ರಿಲೇ ತಂಡ ಅಮೆರಿಕವನ್ನು ಸೆಕೆಂಡಿನ ನೂರನೆಯ ನಾಲ್ಕು ಭಾಗದಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಇಷ್ಟಾದರೂ ಅವನ ಹೆಸರು ಹೇಳಿದರೆ ಜಗತ್ತಿಗೆ ನೆನಪಾಗುವುದು ಕುಂಟಿದ ಆ ಅರ್ಧ ಸುತ್ತು ಮಾತ್ರ.

ಮೊದಲ ಮೂರು ದಿನ: ಮಾಡದೆ ಬಿಡುವುದೇ ಹೆಚ್ಚು

ಹರಿದ ಮರುದಿನ ನನ್ನನ್ನು ಉಳುಕು ತೆಗೆಯುವವರೊಬ್ಬರ ಬಳಿ ಕರೆದುಕೊಂಡು ಹೋಗಿದ್ದರು. "ನರ ಮೇಲೆ ಹತ್ತಿದೆ" ಎಂದು ಎಳ್ಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಳಿಸಿದರು. ಮೂರನೆಯ ದಿನಕ್ಕೆ ಮೊಣಕಾಲಿನ ಹಿಂದಿನವರೆಗೂ ಬದನೆಕಾಯಿ ಬಣ್ಣ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಲಿತದ್ದು ಅಷ್ಟು. ಆದರೆ ಆಗತಾನೇ ಹರಿದ ಸ್ನಾಯುವನ್ನು ತಿಕ್ಕಿದರೆ ಒಳಗೆ ರಕ್ತ ಇನ್ನಷ್ಟು ಸೋರುತ್ತದೆ. ಮೊದಲ ದಿನಗಳಲ್ಲಿ ಮಾಲೀಸು ಬೇಡ, ಬಿಸಿ ಶಾಖ ಬೇಡ. "ಹಿಡಿದುಕೊಂಡಿದೆ, ಎಳೆದು ಬಿಡಿಸೋಣ" ಎಂದು ಸ್ಟ್ರೆಚಿಂಗ್ ಮಾಡುವುದು ಎಲ್ಲಕ್ಕಿಂತ ಬೇಡ. ಹರಿದ ಸೀರೆಯನ್ನು ಎಳೆದು ಹೊಲಿಯುವವರಿಲ್ಲ.

ಮಾಡಬೇಕಾದದ್ದು ಕಡಿಮೆ. ಅಗಲವಾದ ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಿ. ಪಾದ ಜೋಮು ಹಿಡಿದರೆ ಅಥವಾ ತಣ್ಣಗಾದರೆ ಸಡಿಲಿಸಿ. ನೋವು ಹೆಚ್ಚಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10–15 ನಿಮಿಷ ಇಡಿ. ಐಸ್ ನೋವನ್ನು ತಗ್ಗಿಸುತ್ತದೆ, ಗಾಯವನ್ನು ಬೇಗ ಕೂಡಿಸುವುದಿಲ್ಲ. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರದಲ್ಲಿಡುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ ಐಸ್ ಮತ್ತು ಪೂರ್ಣ ವಿಶ್ರಾಂತಿಯ ಬಗ್ಗೆ ತಮ್ಮ ಮಾತನ್ನು ಬದಲಿಸಿಕೊಂಡರು. ಹಾಸಿಗೆ ಹಿಡಿಯಬೇಡಿ. ಹೆಜ್ಜೆಯನ್ನು ಗಿಡ್ಡ ಮಾಡಿ, ಕುಂಟದೆ ಎಷ್ಟು ನಡೆಯಲಾಗುತ್ತದೋ ಅಷ್ಟು ನಡೆಯಿರಿ.

ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಬಿಟ್ಟು ಮೂಳೆ ತಜ್ಞರನ್ನೋ ಕ್ರೀಡಾ ವೈದ್ಯರನ್ನೋ ಕಾಣಿ: ಹರಿದಾಗ ಟಪ್ ಎಂಬ ಸದ್ದು ಕೇಳಿಸಿದ್ದರೆ, ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ತೊಡೆಯ ಹಿಂದೆ ದೊಡ್ಡದಾಗಿ ಕಪ್ಪುಗಟ್ಟಿದ್ದರೆ, ನೋವು ಸರಿಯಾಗಿ ಕುಳಿತುಕೊಳ್ಳುವ ಮೂಳೆಯ ಮೇಲೇ ಇದ್ದರೆ. ಈ ಕೊನೆಯದು ಶಾಲಾ ಮಕ್ಕಳ ವಿಷಯದಲ್ಲಿ ಬಹಳ ಮುಖ್ಯ. ಬೆಳೆಯುವ ವಯಸ್ಸಿನಲ್ಲಿ ಆ ಮೂಳೆಯ ತುದಿ ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ದೊಡ್ಡವರಲ್ಲಿ ಸ್ನಾಯು ಹರಿಯುವ ಕಡೆ ಮಕ್ಕಳಲ್ಲಿ ಮೂಳೆಯ ಚೂರೇ ಕಿತ್ತು ಬರಬಹುದು. ಒಂದು ಎಕ್ಸ್‌ರೇಯಲ್ಲಿ ತಿಳಿಯುವ ಸಂಗತಿಯನ್ನು "ಸ್ನಾಯು ಸೆಳೆತ" ಎಂದು ತಿಂಗಳುಗಟ್ಟಲೆ ಓಡಿಸಿದ ಉದಾಹರಣೆಯನ್ನು ಕಣ್ಣಾರೆ ಕಂಡಿದ್ದೇನೆ. ನೋವು ತೊಡೆಯಿಂದ ಪಾದದವರೆಗೆ ಇಳಿಯುತ್ತಿದ್ದರೆ, ಜುಮುಗುಡುತ್ತಿದ್ದರೆ, ಅದು ಬೆನ್ನಿನಿಂದ ಬಂದ ನರದ ತೊಂದರೆಯೂ ಇರಬಹುದು.

ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ಒಂದೇ ಒಂದು ಸಂಗತಿಯನ್ನು ಕೇಳಿ ತಿಳಿದುಕೊಳ್ಳಿ: ಹರಿದಿರುವುದು ಸ್ನಾಯುವಿನ ಮಾಂಸವೋ, ಅಥವಾ ಅದರೊಳಗೆ ಹಾದು ಹೋಗುವ ಸ್ನಾಯುರಜ್ಜುವೋ? ರಜ್ಜು ಹರಿದಿದ್ದರೆ ನಾನು ಮುಂದೆ ಹೇಳುವ ವಾರಗಳ ಲೆಕ್ಕ ನಿಮಗಲ್ಲ. ಅದಕ್ಕೆ ತಿಂಗಳುಗಳು ಬೇಕು.

ವ್ಯಾಯಾಮ: ಚಾಚಿದ ಸ್ಥಿತಿಯಲ್ಲಿ ಬಲ

ನನ್ನ ಕಾಲದಲ್ಲಿ ವಾಸಿಯಾಗುವುದು ಎಂದರೆ ವಿಶ್ರಾಂತಿ, ಆಮೇಲೆ ಜಾಗಿಂಗ್, ಆಮೇಲೆ ಓಟ. ನಡುವೆ ಇರಬೇಕಾದ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಸ್ವೀಡನ್ನಿನ ಸಂಶೋಧಕ ಕಾರ್ಲ್ ಆಸ್ಕ್ಲಿಂಗ್ ಮತ್ತು ಸಂಗಡಿಗರು ಅಲ್ಲಿನ 56 ಮಂದಿ ಸ್ಪ್ರಿಂಟರ್ ಮತ್ತು ಜಿಗಿತಗಾರರನ್ನು ಎರಡು ಗುಂಪು ಮಾಡಿ ನೋಡಿದರು. ಮಾಮೂಲಿ ವ್ಯಾಯಾಮ ಮಾಡಿದವರು ಪೂರ್ತಿ ತರಬೇತಿಗೆ ಮರಳಲು ಸರಾಸರಿ 86 ದಿನ ಹಿಡಿಯಿತು. ಸ್ನಾಯುವನ್ನು ಚಾಚಿದ ಸ್ಥಿತಿಯಲ್ಲೇ ಬಲಪಡಿಸಿದವರಿಗೆ 49 ದಿನ. ಈ ಎರಡು ಸಂಖ್ಯೆಗಳಲ್ಲಿ ನನ್ನ ಕಣ್ಣು ನಿಲ್ಲುವುದು ಚಿಕ್ಕದರ ಮೇಲೆ. ಒಳ್ಳೆಯ ವ್ಯಾಯಾಮ, ಒಳ್ಳೆಯ ಟ್ರ್ಯಾಕ್, ಕಲಿತ ಫಿಸಿಯೋಥೆರಪಿಸ್ಟ್ ಎಲ್ಲ ಇದ್ದವರಿಗೂ ಏಳು ವಾರ. ನಾನು 19 ದಿನಕ್ಕೆ ಓಡಿದ್ದೆ. ಎರಡು ವಾರಕ್ಕೆ ನೋವು ಹೋಯಿತು ಎಂದುಕೊಂಡರೂ ಇನ್ನೂ ಐದು ವಾರದ ಕೆಲಸ ಬಾಕಿ ಇರುತ್ತದೆ.

ಆಸ್ಕ್ಲಿಂಗ್ ಅವರ ಮೂರು ವ್ಯಾಯಾಮಗಳಿಗೆ ಯಾವ ಸಲಕರಣೆಯೂ ಬೇಡ. ನೋವಿಲ್ಲದೆ ಕುಂಟದೆ ನಡೆಯಲು ಬಂದ ಮೇಲೆ, ಸಾಧ್ಯವಾದರೆ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಕಾಲು ತೋರಿಸಿ, ಆರಂಭಿಸಿ.

ಮೊದಲನೆಯದು: ಅಂಗಾತ ಮಲಗಿ, ಗಾಯದ ಕಾಲಿನ ತೊಡೆಯನ್ನು ಎರಡೂ ಕೈಯಿಂದ ಹಿಡಿದು ನೆಲಕ್ಕೆ ಲಂಬವಾಗಿ ನಿಲ್ಲಿಸಿ. ಮೊಣಕಾಲನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತಾ ಹೋಗಿ. ನೋವು ಶುರುವಾಗುವ ಮೊದಲೇ ಹಿಂದಕ್ಕೆ ತನ್ನಿ. ದಿನಕ್ಕೆ ಎರಡು ಹೊತ್ತು, ಹನ್ನೆರಡರಂತೆ ಮೂರು ಸುತ್ತು.

ಎರಡನೆಯದು: ಗಾಯದ ಕಾಲಿನ ಮೇಲೆ ನಿಂತು, ಮೊಣಕಾಲನ್ನು ಸ್ವಲ್ಪವೇ ಮಡಿಸಿ, ಕೆರೆಗೆ ಹಾರುವವರ ಹಾಗೆ ಎರಡೂ ಕೈ ಮುಂದೆ ಚಾಚಿ ಸೊಂಟದಿಂದ ಬಾಗಿ, ಇನ್ನೊಂದು ಕಾಲು ಹಿಂದಕ್ಕೆ ಮೇಲೇಳಲಿ. ದಿನ ಬಿಟ್ಟು ದಿನ, ಆರರಂತೆ ಮೂರು ಸುತ್ತು.

ಮೂರನೆಯದಕ್ಕೆ ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಹೇಳಿ ಮಾಡಿಸಿದ ಹಾಗಿದೆ. ಕಾಲುಚೀಲ ಹಾಕಿಕೊಂಡು, ಒಂದು ಕೈಯಿಂದ ಕಿಟಕಿಯ ಸರಳು ಹಿಡಿದು, ಗಾಯದ ಕಾಲಿನ ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಒಳ್ಳೆಯ ಕಾಲನ್ನು ಹಿಂದಕ್ಕೆ ಜಾರಿಸಿ. ಮರಳಿ ಬರುವಾಗ ಕೈಯ ಬಲ ಬಳಸಿ, ಗಾಯದ ಕಾಲಿನದಲ್ಲ. ನಾಲ್ಕರಂತೆ ಮೂರು ಸುತ್ತು, ಮೂರು ದಿನಕ್ಕೊಮ್ಮೆ ಮಾತ್ರ. ಸುಲಭ ಎನ್ನಿಸುತ್ತದೆ, ಮರುದಿನ ಸುಲಭವಲ್ಲ ಎಂದು ತಿಳಿಯುತ್ತದೆ.

ಇವು ಮೂರೂ ಸಲೀಸಾದ ಮೇಲೆ ನಾರ್ಡಿಕ್ ಎಂಬ ವ್ಯಾಯಾಮ. ಮಂಡಿಯೂರಿ ಕುಳಿತು, ಹಿಂದೆ ಒಬ್ಬರು ಹರಡುಗಳನ್ನು ಒತ್ತಿ ಹಿಡಿಯಲಿ. ಸೊಂಟ ಮಡಿಸದೆ, ಕಡಿದ ಮರ ಬೀಳುವ ಹಾಗೆ, ಆದರೆ ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬೀಳಿ, ಕೊನೆಗೆ ಅಂಗೈ ಊರಿ. ಹಿಡಿಯುವವರಿಲ್ಲದಿದ್ದರೆ ಮಂಚದ ಅಡ್ಡಪಟ್ಟಿಯ ಕೆಳಗೆ ಪಾದ ಸಿಕ್ಕಿಸಬಹುದು, ಆದರೆ ಮಂಚದ ಮೇಲೆ ಯಾರಾದರೂ ಕುಳಿತಿರಲಿ. ನಮ್ಮ ಮನೆಯಲ್ಲಿ ಅದಕ್ಕೆ ಅಕ್ಕಿಮೂಟೆ ಇಟ್ಟಿದ್ದೆವು. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸುತ್ತು. ಎರಡನೆಯ ವಾರ ಎರಡು ದಿನ, ಆರರಂತೆ ಎರಡು ಸುತ್ತು. ಆಮೇಲೆ ವಾರಕ್ಕೆ ಮೂರು ದಿನದವರೆಗೆ, ಎಂಟರಿಂದ ಹತ್ತರಂತೆ ಮೂರು ಸುತ್ತಿನವರೆಗೆ ಮೆಲ್ಲಗೆ ಏರಿಸಿ. ತಪ್ಪದೆ ಮಾಡಿದ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಸ್ಪರ್ಧೆಯ ವಾರದಲ್ಲಿ ಹೊಸದಾಗಿ ಆರಂಭಿಸಲೇಬೇಡಿ. ಮೊದಲ ಸಲ ಮಾಡಿದವರಿಗೆ ಎರಡು ದಿನ ಮೆಟ್ಟಿಲು ಇಳಿಯುವುದೂ ಕಷ್ಟ.

ಪದೇ ಪದೇ ಅದೇ ಕಾಲು ಕೈಕೊಡುತ್ತಿದ್ದರೆ ಕಾಲನ್ನು ಬಿಟ್ಟು ಸೊಂಟ ನೋಡಿ. ಉಸೇನ್ ಬೋಲ್ಟ್‌ಗೆ ಬೆನ್ನುಮೂಳೆ ಓರೆಯಾಗಿರುವ ಸ್ಕೋಲಿಯೋಸಿಸ್ ಇತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 18ರ ಹುಡುಗ ಗಾಯದ ಕಾಲಿನಲ್ಲೇ ಓಡಿ 200 ಮೀಟರ್‌ನ ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಹೊರಬಿದ್ದಿದ್ದ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದಕ್ಕೆ ತಾನು ಎಷ್ಟು ಸಮಯ ಕೊಡಬೇಕಾಯಿತು ಎಂಬುದನ್ನು ಅವನೇ ಅನೇಕ ಸಲ ಹೇಳಿದ್ದಾನೆ.

ಹುಡುಗಿಯರಿಗೆ, ಮತ್ತು ಅವರ ಅಮ್ಮಂದಿರಿಗೆ

ಇದನ್ನು ಪುರುಷ ತರಬೇತುದಾರರು ಹೇಳಲು ಸಂಕೋಚಪಡುತ್ತಾರೆ, ಆದ್ದರಿಂದ ನಾನು ಬಿಡಿಸಿ ಹೇಳುತ್ತೇನೆ. ಓಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತಿದ್ದರೆ "ಚೆನ್ನಾಗಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ, ಅದಕ್ಕೇ" ಎಂದು ಬಿಡಬೇಡಿ. ಹೆಚ್ಚಿನ ಸಲ ಅದರ ಅರ್ಥ, ಓಟದಲ್ಲಿ ದೇಹ ಖರ್ಚು ಮಾಡುವಷ್ಟನ್ನು ಅವಳು ತಿನ್ನುತ್ತಿಲ್ಲ. ಹಾಗೆ ಓಡಿದವರ ಮೂಳೆಯಲ್ಲಿ ಸಣ್ಣ ಬಿರುಕುಗಳು ಬರುತ್ತವೆ, ಸ್ನಾಯುವಿನ ಗಾಯ ಕೂಡಲು ತಡವಾಗುತ್ತದೆ. ವೈದ್ಯರಿಗೆ ತೋರಿಸಿ.

ಇನ್ನೊಂದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ನಾನೂ ಅವರಲ್ಲೊಬ್ಬಳಾಗಿದ್ದೆ ಎಂದು ಗೊತ್ತಾದದ್ದು ಮೂರನೆಯ ಸಲ ಹರಿದ ಮೇಲೆ. ಬೆಳಿಗ್ಗೆ ಐದೂವರೆಗೆ ಬರೀ ಚಹಾ ಕುಡಿದು ಮೈದಾನಕ್ಕೆ ಹೋಗುತ್ತಿದ್ದೆ, ಹತ್ತು ಗಂಟೆಗೆ ಚಿತ್ರಾನ್ನ. ಈಗ ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಓಟಕ್ಕೆ ಮೊದಲು ಒಂದು ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಎರಡು ಮೊಟ್ಟೆ ಅಥವಾ ಮೊಳಕೆಕಾಳು ಎಂದು ಹೇಳುತ್ತೇನೆ. ರಾಗಿಯನ್ನು ಹೊಗಳುವುದು ನಮಗೆ ಅಭ್ಯಾಸವಾಗಿದೆ. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮೂಳೆಗೆ ಆ ಹೊಗಳಿಕೆ ಸಲ್ಲುತ್ತದೆ. ಸ್ನಾಯು ಕೂಡಿಕೊಳ್ಳಲು ಬೇಕಾದ ಪ್ರೋಟೀನಿಗೆ ಮುದ್ದೆಯೊಂದೇ ಸಾಲದು. ಸಾರಿನಲ್ಲಿ ಕಾಳಿರಲಿ.

ಮತ್ತೆ ಓಟ: ಶೇಕಡಾವಾರನ್ನು ಗಡಿಯಾರಕ್ಕೆ ಕೇಳಿ

"ಎಪ್ಪತ್ತು ಪರ್ಸೆಂಟ್ ಓಡು" ಎಂದರೆ ಯಾವ ಸ್ಪ್ರಿಂಟರ್ ಕೂಡ ಎಪ್ಪತ್ತರಲ್ಲಿ ಓಡುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿದ್ದರಂತೂ ಅದು ತೊಂಬತ್ತು. ಇದು ಸುಳ್ಳಲ್ಲ, ವೇಗದ ಓಟಗಾರರಿಗೆ ಅರ್ಧ ವೇಗದ ಅಳತೆ ದೇಹದಲ್ಲಿ ಇರುವುದೇ ಇಲ್ಲ. ಆದ್ದರಿಂದ ಅಳೆಯಿರಿ.

ನೇರವಾದ 110 ಮೀಟರ್ ಜಾಗ ಬೇಕು: 40 ಮೀಟರ್ ವೇಗ ಏರಿಸಲು, 30 ಮೀಟರ್ ಅಳೆಯಲು, 40 ಮೀಟರ್ ನಿಧಾನಿಸಲು. ಶಾಲೆಯ 200 ಮೀಟರ್ ಟ್ರ್ಯಾಕಿನ ನೇರಭಾಗ ಸಾಲದು. ಮೈದಾನವನ್ನು ಮೂಲೆಯಿಂದ ಮೂಲೆಗೆ ಕರ್ಣವಾಗಿ ಬಳಸಿ. 30 ಮೀಟರ್‌ನ ಎರಡೂ ತುದಿಗೆ ಕೋಲು ನೆಡಿ, ಗೆಳತಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸಲಿ, ಆಮೇಲೆ ನಿಧಾನಗತಿಯಲ್ಲಿ ನೋಡಿ ಸಮಯ ತೆಗೆಯಿರಿ. ಗಾಯಕ್ಕೆ ಮೊದಲಿನ ನಿಮ್ಮ ಅತ್ಯುತ್ತಮ ಸಮಯವನ್ನು ಬೇಕಾದ ಶೇಕಡಾದಿಂದ ಭಾಗಿಸಿದರೆ ಗುರಿ ಸಿಗುತ್ತದೆ. ನನ್ನದು 3.5 ಸೆಕೆಂಡ್ ಇತ್ತು ಎಂದಿಟ್ಟುಕೊಳ್ಳಿ: ಶೇ 70ಕ್ಕೆ 5.0 ಸೆಕೆಂಡ್, ಶೇ 80ಕ್ಕೆ 4.4, ಶೇ 90ಕ್ಕೆ 3.9, ಶೇ 95ಕ್ಕೆ 3.7. 4.4 ಎಂದು ಹೇಳಿದ ದಿನ 4.1 ಓಡಿದರೆ ಅದು ಖುಷಿಯ ವಿಷಯವಲ್ಲ. ಆ ದಿನದ ಓಟ ಅಲ್ಲಿಗೆ ಮುಗಿಯಿತು.

ಒಂದು ದಿನಕ್ಕೆ ಆರು ಓಟ ಸಾಕು, ಪ್ರತಿ ಓಟದ ನಡುವೆ ಪೂರ್ತಿ ನಡೆದು ಹಿಂದಿರುಗಿ. ಎರಡು ವೇಗದ ದಿನಗಳ ನಡುವೆ 48 ಗಂಟೆ ಇರಲಿ. ಒಂದೇ ಮಟ್ಟದಲ್ಲಿ ಎರಡು ದಿನ ತೊಂದರೆಯಿಲ್ಲದೆ ಮುಗಿಸಿದ ಮೇಲೆ ಮುಂದಿನದಕ್ಕೆ. ತೊಂದರೆ ಇಲ್ಲ ಎನ್ನುವುದನ್ನು ತೀರ್ಮಾನಿಸುವುದು ಅದೇ ಸಂಜೆಯಲ್ಲ, ಮರುದಿನ ಬೆಳಿಗ್ಗೆ. ಎದ್ದ ತಕ್ಷಣ ಮಲಗಿದಲ್ಲೇ ಒಂದೊಂದು ಕಾಲನ್ನೂ ನೆಟ್ಟಗೆ ಎತ್ತಿ. ಗಾಯದ ಕಾಲು ನಿನ್ನೆಗಿಂತ ಬೇಗ ಬಿಗಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಮಾಡಿಸುತ್ತೇನೆ: ದಿನಾಂಕ, ಗುರಿಯ ಸಮಯ, ಓಡಿದ ಸಮಯ, ಬೆಳಗಿನ ಕಾಲು. ಕೊನೆಯ ಕಾಲಂನಲ್ಲಿ ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕ. ಎರಡರವರೆಗೆ ಮುಂದುವರಿಯಬಹುದು. ಒಂದು ಹುಡುಗಿ ಇಡೀ ತಿಂಗಳು ಸೊನ್ನೆಯನ್ನೇ ಬರೆದು ತಂದಿದ್ದಳು, ಒಂದೇ ಬಣ್ಣದ ಶಾಯಿಯಲ್ಲಿ, ಒಂದೇ ಕೂತಿನಲ್ಲಿ. ನಾನೂ ಆ ವಯಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ. ಬೈಯಲಿಲ್ಲ, ಅವಳನ್ನು ಪುನಃ ಶೇ 70ಕ್ಕೆ ಕಳಿಸಿದೆ.

ನಿಧಾನಿಸುವ ಆ 40 ಮೀಟರನ್ನು ಕಡೆಗಣಿಸಬೇಡಿ. ಗೆರೆ ದಾಟಿದ ಕೂಡಲೇ ಗಕ್ಕನೆ ನಿಲ್ಲುವ ಚಟ ನಮ್ಮ ಮಣ್ಣಿನ ಮೈದಾನಗಳಿಂದ ಬಂದದ್ದು. ಗೆರೆಯ ಮುಂದೆಯೇ ಕಾಂಪೌಂಡ್ ಗೋಡೆ ಇರುತ್ತದೆ. ಗಕ್ಕನೆ ನಿಲ್ಲುವುದೂ ಅದೇ ಹಗ್ಗಕ್ಕೆ ಬೀಳುವ ಏಟು.

ಶೇ 95 ಮುಟ್ಟದೆ ಸ್ಪರ್ಧೆಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಮತ್ತು ಇದನ್ನು ಮಾಡುವವರು ಅವಸರದವರಲ್ಲ, ಎಚ್ಚರದವರು. ಹೆದರಿ ಹೆದರಿ ಎಂಬತ್ತರಲ್ಲೇ ವಾರಗಟ್ಟಲೆ ಓಡಿ, ನೇರವಾಗಿ ಹೀಟ್ಸ್‌ನಲ್ಲಿ ನೂರಕ್ಕೆ ಹಾರುತ್ತಾರೆ. ಹೆಚ್ಚಿನ ವೇಗಕ್ಕೆ ಸ್ನಾಯುವನ್ನು ಸಿದ್ಧಪಡಿಸುವುದು ಹೆಚ್ಚಿನ ವೇಗ ಮಾತ್ರ. ನೇರದಲ್ಲಿ ಶೇ 95 ಬಂದ ಮೇಲೆ ತಿರುವು, ತಿರುವಿನ ನಂತರ ಸ್ಟಾರ್ಟಿಂಗ್ ಬ್ಲಾಕ್. ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ಕೊನೆಗೆ.

ಮಣ್ಣಿನಲ್ಲಿ ಓಡಿ ಬೆಳೆದವರು ರಾಜ್ಯಮಟ್ಟಕ್ಕೆ ಬಂದಾಗ ಮೊದಲ ಬಾರಿಗೆ ಸಿಂಥೆಟಿಕ್ ಟ್ರ್ಯಾಕ್ ನೋಡುತ್ತಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾನು ಮೊದಲ ಹೆಜ್ಜೆ ಇಟ್ಟಾಗ ನೆಲವೇ ಹಿಂದಿರುಗಿ ಒದ್ದಂತಾಗಿತ್ತು. ವೇಗ ತಾನಾಗಿ ಹೆಚ್ಚುತ್ತದೆ, ಮೀನಖಂಡ ಮತ್ತು ತೊಡೆ ಅದರ ಬೆಲೆ ಕೊಡುತ್ತವೆ. ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಮೂಡುಬಿದಿರೆಯ ಸ್ವರಾಜ್ಯ ಮೈದಾನ, ಯಾವುದು ಹತ್ತಿರವೋ ಅಲ್ಲಿಗೆ ಸ್ಪರ್ಧೆಗೆ ಮೊದಲು ಎರಡು ಮೂರು ಸಲವಾದರೂ ಹೋಗಿ, ಶೇ 80ರಿಂದ ಆರಂಭಿಸಿ.

ಇಂಜೆಕ್ಷನ್, ಗುಳಿಗೆ

ನೋವುನಿವಾರಕ ನುಂಗಿ ಓಡಬೇಡಿ. ನಿಮಗೆ ಸುದ್ದಿ ಕೊಡುತ್ತಿರುವುದು ಆ ನೋವೊಂದೇ. "ಒಂದು ಇಂಜೆಕ್ಷನ್ ಹಾಕಿಸಿದರೆ ನಾಳೆ ಓಡಬಹುದು" ಎಂದು ಯಾರಾದರೂ ಹೇಳಿದರೆ ಅದರಲ್ಲಿ ಏನಿದೆ ಎಂದು ಬರೆಸಿಕೊಳ್ಳಿ. ಗ್ಲುಕೋಕಾರ್ಟಿಕಾಯ್ಡ್ (ಒಂದು ಬಗೆಯ ಸ್ಟಿರಾಯ್ಡ್) ಇಂಜೆಕ್ಷನ್‌ಗಳು 2022ರ ಆರಂಭದಿಂದ ಸ್ಪರ್ಧೆಯ ಅವಧಿಯಲ್ಲಿ ಪೂರ್ತಿ ನಿಷಿದ್ಧ, ಕೀಲಿಗೆ ಕೊಟ್ಟರೂ ಸರಿ, ಸ್ನಾಯುವಿಗೆ ಕೊಟ್ಟರೂ ಸರಿ. ಚುಚ್ಚಿದವರು ಯಾರೇ ಆಗಿರಲಿ, ಮೂತ್ರದಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ಓಟಗಾರರೇ. ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಸೌಲಭ್ಯದಲ್ಲಿ ಔಷಧದ ಹೆಸರು ಹಾಕಿ ನೋಡಿ.

ಕಾಲು ಸಿದ್ಧ, ತಲೆ?

ಅಸ್ಸಾಮಿನ ಹಿಮಾ ದಾಸ್ 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 51.46 ಸೆಕೆಂಡಿನಲ್ಲಿ 400 ಮೀಟರ್ ಓಡಿ 20ರೊಳಗಿನವರ ವಿಶ್ವ ಚಾಂಪಿಯನ್ ಆದಾಗ ನಮ್ಮ ಶಾಲೆಯ ಮಕ್ಕಳೆಲ್ಲ ಅವಳ ಹಾಗೆ ಜುಟ್ಟು ಕಟ್ಟಿಕೊಂಡು ಓಡುತ್ತಿದ್ದರು. ಅದೇ ವರ್ಷ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ 50.79, ರಾಷ್ಟ್ರೀಯ ದಾಖಲೆ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ಬೆನ್ನುನೋವಿನಿಂದ ತಪ್ಪಿತು. ಆಮೇಲೆ ಅವಳು 100 ಮತ್ತು 200 ಮೀಟರ್ ಕಡೆ ತಿರುಗಿದಳು. 2021ರ ಜೂನ್‌ನಲ್ಲಿ ಪಟಿಯಾಲದ 100 ಮೀಟರ್ ಹೀಟ್ಸ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟು ಟೋಕಿಯೋ ಒಲಿಂಪಿಕ್ಸ್ ಕೈತಪ್ಪಿತು. ಇದನ್ನು ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೇಡಂ, ಅವರಿಗೆ ಓಡುವಾಗ ಭಯ ಆಗುವುದಿಲ್ಲವಾ?" ಅವಳ ವಿಷಯ ನಾನು ಹೇಳಲಾರೆ. ನನಗೆ ಆಗುತ್ತಿತ್ತು. ಮೂರನೆಯ ಸಲ ಹರಿಯುವ ಮೊದಲಿನ ಎರಡು ತಿಂಗಳು ನಾನು ಬಲಗಾಲನ್ನು ಒಂದಂಗುಲ ಗಿಡ್ಡವಾಗಿ ಇಡುತ್ತಿದ್ದೆ, ನನಗೇ ತಿಳಿಯದೆ. ಮಣ್ಣಿನ ಮೇಲಿನ ಹೆಜ್ಜೆಗುರುತು ಅಳೆದು ತೋರಿಸಿದವರು ಒಬ್ಬ ಹಿರಿಯ ಓಟಗಾರ್ತಿ.

ಭಯವನ್ನು ಪರೀಕ್ಷಿಸಲು ಆಸ್ಕ್ಲಿಂಗ್ ಅವರದೇ ಒಂದು ಉಪಾಯವಿದೆ. ಉಳಿದೆಲ್ಲ ಪರೀಕ್ಷೆಯೂ ಮುಗಿದು, ಎಲ್ಲೂ ನೋವಿಲ್ಲ ಎಂದಾದ ಮೇಲೆ ಮಾತ್ರ ಇದನ್ನು ಮಾಡಬೇಕು. ಅಂಗಾತ ಮಲಗಿ, ಒಳ್ಳೆಯ ಕಾಲನ್ನು ಒಬ್ಬರು ನೆಲಕ್ಕೆ ಒತ್ತಿ ಹಿಡಿಯಲಿ. ಗಾಯದ ಕಾಲಿನ ಮೊಣಕಾಲು ಮಡಿಸದಂತೆ ಪಟ್ಟಿ ಕಟ್ಟಿ, ಎಷ್ಟು ರಭಸವಾಗಿ ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತಿ. ನೋವಾಯಿತೇ ಎಂಬುದಲ್ಲ ಪ್ರಶ್ನೆ. ಎತ್ತುವಾಗ ಒಳಗೆ ಎಲ್ಲೋ "ಬೇಡ" ಎನ್ನಿಸಿತೇ? ಎನ್ನಿಸಿದರೆ ಇನ್ನೊಂದು ವಾರ ಅದೇ ವ್ಯಾಯಾಮ, ಅದೇ ಓಟ, ಆಮೇಲೆ ಪುನಃ ನೋಡಿ.

ಮೊದಲ ಸ್ಪರ್ಧೆಯ ದಿನ

ಒಂದೇ ಓಟಕ್ಕೆ ಹೆಸರು ಕೊಡಿ. ನಾನು ಮೊದಲ ಸಲ ಹರಿದುಕೊಂಡದ್ದು ಅಂದಿನ ನನ್ನ ನಾಲ್ಕನೆಯ ಸ್ಪರ್ಧೆಯಲ್ಲಿ: ಬೆಳಿಗ್ಗೆ 100, ಆಮೇಲೆ ಉದ್ದಜಿಗಿತ, ಮಧ್ಯಾಹ್ನ 200, ನಾಲ್ಕೂವರೆಗೆ ರಿಲೇ. ಶಾಲೆಗೆ ಅಂಕ ಬೇಕಿತ್ತು. ಹೀಟ್ಸ್ ಹತ್ತಕ್ಕೆ, ಫೈನಲ್ ಮೂರಕ್ಕೆ ಎಂದರೆ ನಡುವೆ ಸಿಮೆಂಟಿನ ಮೆಟ್ಟಿಲ ಮೇಲೆ ಕುಳಿತು ಕಾಲು ಮರಗಟ್ಟಿಸಿಕೊಳ್ಳಬೇಡಿ. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿರಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ, ಸ್ವಲ್ಪ ಸ್ವಲ್ಪ ತಿನ್ನುತ್ತಿರಿ, ಫೈನಲ್‌ಗೆ ಮೊದಲು ವಾರ್ಮ್‌ಅಪ್ ಅನ್ನು ಮೊದಲಿನಿಂದ ಪೂರ್ತಿ ಮಾಡಿ. ಬೆಳಿಗ್ಗೆ ಮಾಡಿದ್ದು ಬೆಳಿಗ್ಗೆಗೆ ಮುಗಿಯಿತು.

ಓಟದ ನಡುವೆ ತೊಡೆ ಒಂದು ಸಲ ಹಿಡಿದಂತಾದರೆ ನಿಲ್ಲಿಸುವ ಬಗೆಯನ್ನೂ ಅಭ್ಯಾಸ ಮಾಡಿರಬೇಕು. ಗಕ್ಕನೆ ನಿಲ್ಲಬೇಡಿ, ಹಿಂದೆ ತಿರುಗಿ ನೋಡಬೇಡಿ. ಹೆಜ್ಜೆಯನ್ನು ಗಿಡ್ಡ ಮಾಡಿ, ಎದೆಯನ್ನು ನೆಟ್ಟಗೆ ತಂದು, ನಿಮ್ಮ ಲೇನಿನಲ್ಲೇ ಹದಿನೈದಿಪ್ಪತ್ತು ಹೆಜ್ಜೆಯಲ್ಲಿ ವೇಗ ಇಳಿಸಿ. ಉಳಿದವರು ಹಾದು ಹೋಗಲಿ. ನಿಂತ ಮೇಲೆ ಬಗ್ಗಿ ಕಾಲಿನ ಬೆರಳು ಮುಟ್ಟಿ ಪರೀಕ್ಷಿಸಿಕೊಳ್ಳಬೇಡಿ; ಎಲ್ಲರೂ ಮೊದಲು ಮಾಡುವುದು ಅದನ್ನೇ. ಟ್ರ್ಯಾಕಿನಿಂದ ಹೊರಗೆ ನಡೆದು ಬಂದು, ತಂಡದವರಿಗೆ ಹೇಳಿ, ರಿಲೇಯ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಆಗಲೇ ತೆಗೆಸಿ.